ಮಾತು ಬಿಟ್ಟ ಲ್ಯಾಪ್‌ಟಾಪ್

ಮೊಳಕಾಲ್ಮೂರಿನ ಮಗ್ಗದವರ ಓಣಿಯಲ್ಲಿ ಬಾಡಿಗೆಗಿದ್ದ ವಾಣಿಶ್ರೀ ಟೀಚರಿಗೆ ಕಣ್ಣು ಕಾಣುವುದಿಲ್ಲವೆಂದರೆ ಹೊಸಬರು ಸುಲಭಕ್ಕೆ ನಂಬುತ್ತಿರಲಿಲ್ಲ. ಒಂದು ನೆರಿಗೆಯೂ ಆಚೀಚೆಯಾಗದಂತೆ ಸೀರೆ ಉಟ್ಟು, ಬಿಳಿಕೋಲು ಮುಂದೆ ಮಾಡಿಕೊಂಡು, ಮನೆಯಿಂದ ಪ್ರೌಢಶಾಲೆಯವರೆಗೆ ಸರಸರನೆ ನಡೆದು ಹೋಗುತ್ತಿದ್ದಳು. ಎರಡು ಮಗ್ಗಗಳ ಸದ್ದು ಒಟ್ಟಿಗೆ ಕೇಳಿಸಿತೆಂದರೆ ಅಲ್ಲಿ ತಿರುವು. ಹೋಟೆಲಿನ ದೋಸೆ ಕಾವಲಿಯ ಚುಂಯ್ ಕೇಳಿಸಿತೆಂದರೆ ಮುಂದೆ ಚರಂಡಿ, ಕಾಲೆತ್ತಿ ಇಡಬೇಕು. ಊರನ್ನು ಅವಳು ಹೀಗೆ ಕಿವಿಯಿಂದಲೇ ಬಾಯಿಪಾಠ ಮಾಡಿಕೊಂಡಿದ್ದಳು. ಒಂಬತ್ತು ಮತ್ತು ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುವುದು ಅವಳ ಕೆಲಸ.

ಹುಟ್ಟಿದ್ದು ಚಳ್ಳಕೆರೆಯಲ್ಲಿ. ತಂದೆ ಮುರುಗೇಂದ್ರಪ್ಪನವರದು ಶೇಂಗಾ ಎಣ್ಣೆ ಮಿಲ್ಲು. ಚಿಕ್ಕಂದಿನಲ್ಲಿ ಅವಳಿಗೆ ಇದ್ದದ್ದು ಬರೀ ಇರುಳುಗಣ್ಣು. ಸಂಜೆಯಾದರೆ ಎಡವುತ್ತಾಳೆ, ಕ್ಯಾರೆಟ್ ತಿನ್ನಿಸಿದರೆ ಸರಿಹೋಗುತ್ತದೆ ಎಂದು ಮನೆಯವರು ಅಂದುಕೊಂಡಿದ್ದರು. ಆಮೇಲೆ ಹಗಲಿನ ನೋಟವೂ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬಂತು. ಡಿಗ್ರಿಯ ಕೊನೆಯ ವರ್ಷದ ಒಂದು ಸಂಜೆ ಮಿಲ್ಲಿನ ಅಂಗಳದಲ್ಲಿ ನಿಂತು, "ಯಾರಾದ್ರೂ ಲೈಟ್ ಹಾಕ್ರಪ್ಪಾ, ಎಷ್ಟೊತ್ತು ಕತ್ತಲಲ್ಲಿ ನಿಲ್ಲೋದು" ಎಂದು ಕೂಗಿದಳು. ಗಾಣದ ಸದ್ದು ಮಾತ್ರ ನಡೆದೇ ಇತ್ತು. ಸ್ವಲ್ಪ ಹೊತ್ತಿಗೆ ಅವ್ವ ವೀರಮ್ಮ ಬಿಕ್ಕಿದ್ದು ಕೇಳಿಸಿತು. ಲೈಟು ಉರಿಯುತ್ತಲೇ ಇತ್ತು.

ಅದಾದ ಮೇಲೆ ಬಹಳ ದಿನ ಅವಳು ಮನೆಯ ಮೆಟ್ಟಿಲು ಇಳಿಯಲಿಲ್ಲ. ಬೀಳುವ ಭಯಕ್ಕಿಂತ, ಮುಂದೆ ಯಾರೋ ನಿಂತು ಸುಮ್ಮನೆ ತನ್ನನ್ನೇ ನೋಡುತ್ತಿದ್ದಾರೆ ಎಂಬ ಭಯವೇ ದೊಡ್ಡದಾಗಿತ್ತು. ಕೊನೆಗೆ ಬೆಂಗಳೂರಿನಲ್ಲಿ ಅಂಧರಿಗೆ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯ ಹಾಸ್ಟೆಲಿಗೆ ತಮ್ಮ ಶಶಿಕಾಂತ್ ಹಟ ಹಿಡಿದು ಸೇರಿಸಿ ಬಂದ. ಅಲ್ಲಿ ಅವಳಿಗೆ ಮಾತಾಡುವ ಕಂಪ್ಯೂಟರಿನ ಪರಿಚಯವಾಯಿತು. ಒತ್ತಿದ ಕೀಲಿ ಯಾವುದು, ಪರದೆಯ ಮೇಲೆ ಏನಿದೆ ಎಂಬುದನ್ನೆಲ್ಲ ಒಂದು ದನಿ ಓದಿ ಹೇಳುತ್ತಿತ್ತು. ಅಲ್ಲಿಂದ ಬಿ.ಎಡ್., ಆಮೇಲೆ ಮೀಸಲಾತಿಯಲ್ಲಿ ಈ ನೌಕರಿ.

ನೌಕರಿಗೆ ಮುರುಗೇಂದ್ರಪ್ಪ ಒಪ್ಪಿರಲಿಲ್ಲ. "ನಮ್ಮನೇಲಿ ನಿಂಗೇನು ಕಮ್ಮಿ ಆಗೈತೆ? ಆ ಊರಲ್ಲಿ ಒಬ್ಬಳೇ ಇದ್ಕೊಂಡು ಬಿದ್ದು ಎದ್ದು ಯಾರ್ಗೆ ಪಾಠ ಹೇಳ್ತೀಯಾ?" ಎಂದಿದ್ದರು. ಅವಳು ಹೊರಟೇ ಬಿಟ್ಟಾಗ ಒಂದು ಮಾತು ಹೇಳಿ ಕಳಿಸಿದ್ದರು: "ಏನಾದ್ರೂ ಎಡವಟ್ಟಾಯ್ತು ಅಂತ ನನ್ನ ಕಿವಿಗೆ ಬೀಳ್ಲಿ, ಅವತ್ತೇ ಗಾಡಿ ತಂದು ಕರ್ಕೊಂಡು ಬರ್ತೀನಿ. ಆಮೇಲೆ ಒಂದ್ ಮಾತು ಆಡಬಾರ್ದು." ಅವರು ಬೆದರಿಸಲು ಹಾಗೆ ಹೇಳಿದ್ದಲ್ಲ. ಅಂದಂತೆ ಮಾಡುವ ಮನುಷ್ಯ ಎಂಬುದೇ ಅವಳ ಹೆದರಿಕೆ.

ಶಾಲೆಯಲ್ಲೂ ನೆಲ ಗಟ್ಟಿಯಾಗಿರಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೆಡ್ಮಾಸ್ಟರ್ ಓಂಕಾರಮೂರ್ತಿ ಕೆಟ್ಟವರಲ್ಲ, ಆದರೆ ಒಮ್ಮೆ ಸ್ಟಾಫ್ ರೂಮಿನಲ್ಲಿ, ಅವಳು ಬಾಗಿಲ ಹೊರಗಿದ್ದಾಗ, "ಆ ಕಂಪ್ಯೂಟರ್ ಇರೋ ತನಕ ಸರಿ. ಅದು ಕೆಟ್ಟರೆ ಈಯಮ್ಮನ ಗತಿ ಏನ್ರೀ?" ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಕಣ್ಣಿಲ್ಲದವರ ಕಿವಿಯ ವಿಷಯ ಕಣ್ಣಿದ್ದವರಿಗೆ ಆಗಾಗ ಮರೆತುಹೋಗುತ್ತದೆ.

ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಪಾಠದ ಟಿಪ್ಪಣಿ, ಇಸವಿಗಳು, ಮಕ್ಕಳ ಹೆಸರು, ಪ್ರಶ್ನೆಪತ್ರಿಕೆ, ಎಲ್ಲವೂ ಆ ಲ್ಯಾಪ್‌ಟಾಪಿನೊಳಗೇ ಇದ್ದವು. ಅದರ ದನಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಿದ್ದಳು, ಅದು ಪರದೇಶದ ಗಂಡಸಿನಂತೆ ಮೂಗಿನಲ್ಲಿ ಓದುತ್ತಿತ್ತು. 'ಮೊಳಕಾಲ್ಮೂರು' ಎನ್ನಲು ಹೋಗಿ ಅದು ಪಡುವ ಪಾಡಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಆ ದನಿಯೇ ಮನೆಯವನಂತಾಯಿತು. ಬೆಳಿಗ್ಗೆ ಎದ್ದು ಮೊದಲು ಕೇಳುವುದೂ ಅದನ್ನೇ, ಮಲಗುವ ಮುನ್ನ ಕೊನೆಗೆ ಕೇಳುವುದೂ ಅದನ್ನೇ.

ಎರಡು ಸಾವಿರದ ಎಂಟನೇ ಇಸವಿಯ ಮಳೆಗಾಲದ ಕೊನೆಗೆ ಆ ದನಿ ತೊದಲತೊಡಗಿತು. ಕೀಲಿ ಒತ್ತಿದ ಎಷ್ಟೋ ಹೊತ್ತಿಗೆ ಉತ್ತರ ಬರುತ್ತಿತ್ತು. ಶಶಿಕಾಂತ್ ಚಳ್ಳಕೆರೆಯ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮಾರುತೇಶನನ್ನು ವಿಚಾರಿಸಿದ. ಲ್ಯಾಪ್‌ಟಾಪಿನ ಜೊತೆ ಬಂದಿದ್ದ ವಿಸ್ಟಾ ಎಂಬ ಓಎಸ್‌ಗೆ, ಅಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿಗೆ, ಬೇಕಾದಷ್ಟು ಮೆಮೊರಿ ಅದರಲ್ಲಿಲ್ಲ, ಅದನ್ನು ತೆಗೆದು ಹಳೆಯ ಎಕ್ಸ್‌ಪಿ ಹಾಕಿದರೆ ಹಗುರವಾಗಿ ಓಡುತ್ತದೆ ಎಂದು ಮಾರುತೇಶ್ ಹೇಳಿದ. ಸರಿ, ತೆಗೆದುಕೊಂಡು ಹೋದ ಶಶಿಕಾಂತ್ ಒಂದು ಶನಿವಾರ ಮಧ್ಯಾಹ್ನ ವಾಪಸ್ ತಂದು ಮೇಜಿನ ಮೇಲಿಟ್ಟ.

"ಆಯ್ತು ಕಣಕ್ಕ. ಈಗ ಕುದುರೆ ಹಂಗೆ ಓಡ್ತೈತೆ. ನಾನು ಬರ್ತೀನಿ, ದಾವಣಗೆರೆಗೆ ಎಣ್ಣೆ ಲೋಡ್ ಹೊಂಟೈತೆ."

ಅವನು ಕಾಫಿಗೂ ನಿಲ್ಲದೆ ಹೊರಟುಹೋದ.

ವಾಣಿಶ್ರೀ ಬಾಗಿಲು ಹಾಕಿಕೊಂಡು ಬಂದು ಗುಂಡಿ ಒತ್ತಿದಳು. ಫ್ಯಾನು ಗುಂಯ್‌ಗುಟ್ಟಿತು. ಒಳಗೆ ಡಿಸ್ಕು ಕಿರಿಕಿರಿ ಸದ್ದು ಮಾಡಿ ಸುಮ್ಮನಾಯಿತು. ಶುರುವಾಗುವಾಗ ಬರಬೇಕಾದ ಪುಟ್ಟ ಸಂಗೀತ ಬರಲಿಲ್ಲ. ಕಾದಳು. ಬಾಣದ ಕೀಲಿ ಒತ್ತಿದಳು, ಸ್ಪೇಸ್ ಒತ್ತಿದಳು. ಇಯರ್‌ಫೋನ್ ಸಿಕ್ಕಿಸಿ ನೋಡಿದಳು. ಅದರಲ್ಲಿ ಕೇಳಿಸಿದ್ದು ಅವಳದೇ ರಕ್ತದ ಸದ್ದು. ಲ್ಯಾಪ್‌ಟಾಪಿನ ತಳ ಮುಟ್ಟಿದರೆ ಬೆಚ್ಚಗಿತ್ತು. ಜೀವ ಇತ್ತು, ಮಾತು ಇರಲಿಲ್ಲ.

ಲೈಟು ಹಾಕಿ ಎಂದು ಕೂಗಿದ ಆ ಸಂಜೆಯ ಮಿಲ್ಲಿನ ಅಂಗಳದಲ್ಲೇ ಮತ್ತೆ ನಿಂತಂತಾಯಿತು.

ಮಾರುತೇಶನಿಗೆ ಫೋನ್ ಮಾಡಿದಳು. ಅವನು ಯಾವುದೋ ಗದ್ದಲದ ನಡುವೆ ಇದ್ದ. "ಸೌಂಡ್ ಡ್ರೈವರ್ ಕೂತಿಲ್ಲ ಅಕ್ಕಾರೆ. ಓಎಸ್ ಹಾಕಿದೀನಿ, ಡಿಸ್ಪ್ಲೇ ಎಲ್ಲಾ ಬಂದೈತೆ. ನಿಮ್ ತಮ್ಮ ಅರ್ಜೆಂಟ್ ಅಂತ ಎತ್ಕೊಂಡು ಹೋದ್ರು. ನಾನು ಮದುವೆ ಮನೇಲಿದೀನಿ. ಸೋಮವಾರ ತಗೊಂಡ್ ಬನ್ನಿ, ಹಾಕ್ಕೊಡ್ತೀನಿ. ಅಲ್ಲೀತಂಕ ನೀವೇನೂ ಮುಟ್ಟಾಕೆ ಹೋಗಬೇಡಿ."

ಡ್ರೈವರ್ ಎಂದರೇನೆಂದು ಅವಳಿಗೆ ಬೆಂಗಳೂರಿನಲ್ಲಿ ಹೇಳಿಕೊಟ್ಟಿದ್ದರು. ಹೊಸ ಓಎಸ್ ಹಾಕಿದಾಗ, ತನ್ನ ಮೈಯಲ್ಲಿ ಯಾವ ಯಾವ ಅಂಗ ಇದೆ ಎಂಬುದು ಯಂತ್ರಕ್ಕೆ ತಿಳಿದಿರುವುದಿಲ್ಲ. ಇದು ನಿನ್ನ ಗಂಟಲು, ಇದನ್ನು ಹೀಗೆ ಆಡಿಸಬೇಕು ಎಂದು ಹೇಳಿಕೊಡುವ ಸಣ್ಣ ಪ್ರೋಗ್ರಾಮೇ ಡ್ರೈವರು. ಕಣ್ಣಿದ್ದವರಿಗೆ ಅದಿಲ್ಲದಿದ್ದರೆ ಹಾಡು ಕೇಳಿಸುವುದಿಲ್ಲ, ಅಷ್ಟೇ. ಅವಳಿಗೆ ಮಾತ್ರ ಇಡೀ ಯಂತ್ರವೇ ಇಲ್ಲ.

ಅಡಿಗೆ ಮಾಡಿಕೊಟ್ಟು ಜೊತೆಗಿರುತ್ತಿದ್ದ ಕೆಂಚಕ್ಕ ಒಳಗಿನಿಂದ ಬಂದಳು. ದೇವಸಮುದ್ರದ ಕಡೆಯ ಹೆಂಗಸು. ಗಡಿ ಊರಿನವಳಾದ್ದರಿಂದ ಗಾಬರಿಯಾದಾಗ ತೆಲುಗು ನುಗ್ಗುತ್ತಿತ್ತು.

"ಏನಂತೆ ಟೀಚ್ರಮ್ಮ?"

"ಡ್ರೈವರ್ ಇಲ್ವಂತೆ ಕೆಂಚಕ್ಕ."

"ಅಯ್ಯೋ, ಡ್ರೈವರ್ ಇಲ್ದೆ ನಿಮ್ಮ ತಮ್ಮ ಹೆಂಗ್ ಬಂದ್ರು?"

ಬೇರೆ ದಿನವಾಗಿದ್ದರೆ ವಾಣಿಶ್ರೀ ನಗುತ್ತಿದ್ದಳು. ಮಂಗಳವಾರ ಹೆಡ್ಮಾಸ್ಟರಿಗೆ ಹತ್ತನೇ ತರಗತಿಯ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ ಕೊಡಬೇಕಿತ್ತು. ಅದು ಈ ಪೆಟ್ಟಿಗೆಯಲ್ಲಿತ್ತು.

ಭಾನುವಾರ ಬೆಳಿಗ್ಗೆ ತಿಂಡಿ ಬಿಟ್ಟು ಮೇಜಿನ ಮುಂದೆ ಕುಳಿತಳು. ಮುಟ್ಟಬೇಡಿ ಎಂದು ಮಾರುತೇಶ್ ಹೇಳಿದ್ದು ನೆನಪಿತ್ತು. ಆದರೆ ಸೋಮವಾರ ಚಳ್ಳಕೆರೆಗೆ ಹೋದರೆ ಅದು ಅಪ್ಪಾಜಿಯ ಊರು. ಹತ್ತು ಹೆಜ್ಜೆಗೊಬ್ಬರು ಗುರುತಿನವರು. ಮಧ್ಯಾಹ್ನದೊಳಗೆ ಸುದ್ದಿ ಮಿಲ್ಲಿಗೆ ಮುಟ್ಟುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಡಬ್ಬಿಯಲ್ಲಿ ಬಂದಿದ್ದ ಡ್ರೈವರ್ ಸಿಡಿ ಟ್ರಂಕಿನಲ್ಲಿತ್ತು. ಅದು ವಿಸ್ಟಾಕ್ಕೆಂದು ಮಾಡಿದ್ದು, ನಿಜ. ಆದರೂ ಒಮ್ಮೆ ಹಾಕಿ ನೋಡಿದರೆ ಏನಾದೀತು? ಭಯ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ.

"ಕೆಂಚಕ್ಕ, ಇಲ್ಲಿ ಬಂದು ಕೂತ್ಕೊ. ಇದರ ಮೇಲೆ ಏನು ಕಾಣ್ತೈತೆ ಅದನ್ನ ಹಂಗಂಗೇ ಹೇಳ್ಬೇಕು ನೀನು."

"ನಂಗೆ ಓದಾಕೆ ಬರಲ್ಲಲ್ರಮ್ಮ."

"ಓದಬೇಡ. ಕಂಡಿದ್ದು ಹೇಳು."

ಕೆಂಚಕ್ಕ ಕೈ ಒರೆಸಿಕೊಂಡು, ಮೇಜಿನಿಂದ ಒಂದು ಮಾರು ದೂರದಲ್ಲಿ ಕುಳಿತಳು. ವಾಣಿಶ್ರೀ ನೆನಪಿನಲ್ಲಿದ್ದ ಕೀಲಿಗಳನ್ನು ಒತ್ತಿ, ಯಂತ್ರದ ಅಂಗಗಳ ಪಟ್ಟಿ ತೆರೆಯುವ ಹೆಸರನ್ನು ಟೈಪ್ ಮಾಡಿ, ಎಂಟರ್ ಒತ್ತಿದಳು. ಕೆರೆಗೆ ಕಲ್ಲೆಸೆದು ಸದ್ದಿಗೆ ಕಾದಂತೆ ಕಾದಳು.

"ಬಂತು, ಬಂತು. ಬಿಳೀ ಹಾಳೆ ಹಂಗೆ ಬಂತು. ಸಣ್ ಸಣ್ ಗೊಂಬೆ ಅವೆ, ಪಕ್ಕದಾಗೆ ಅಕ್ಷರ."

"ಅದರಲ್ಲಿ ಹಳದಿ ಬಣ್ಣದ್ದು ಏನಾದ್ರೂ ಐತಾ?"

"ಐತೆ ನೋಡ್ರಮ್ಮ. ಹಳದೀದು ಕುಡುಗೋಲಿನ ಹಂಗೈತೆ. ಕೆಳಗೊಂದು ಚುಕ್ಕಿ."

ಪ್ರಶ್ನಾರ್ಥಕ ಚಿಹ್ನೆ! ಯಾವ ಅಂಗದ ಗುರುತು ಯಂತ್ರಕ್ಕೆ ಸಿಗುವುದಿಲ್ಲವೋ ಅದರ ಮುಂದೆ ಹಳದಿ ಪ್ರಶ್ನೆ ನಿಲ್ಲುತ್ತದೆ. ವಾಣಿಶ್ರೀಗೆ ಆ ಆಕಾರ ಇನ್ನೂ ನೆನಪಿತ್ತು. ಕೆಂಚಕ್ಕನ ಬಾಯಲ್ಲಿ ಅದು ಕುಡುಗೋಲಾಗಿ ಬಂದಾಗ ಎಷ್ಟೋ ವರ್ಷದ ಮೇಲೆ ಅದನ್ನು ಕಂಡಂತಾಯಿತು. ದಾರಿ ಸರಿಯಿದೆ ಎಂದು ಧೈರ್ಯ ಬಂತು. ಅಲ್ಲೇ ನಿಲ್ಲಿಸಬೇಕಿತ್ತು.

ಸಿಡಿ ಹಾಕಿದಳು. ಕೆಂಚಕ್ಕ ಹೇಳುತ್ತಾ ಹೋದಳು, ಅವಳು ಒತ್ತುತ್ತಾ ಹೋದಳು. "ನೀಲಿ ಚಿತ್ರ ಬಂತು." "ಈಗ ಹಸಿರು ಪಟ್ಟಿ ತುಂಬ್ಕಂತ ಐತೆ." "ಅರ್ಧ ತುಂಬ್ತು." ವಾಣಿಶ್ರೀಯ ಬೆರಳು ಎಂಟರ್ ಕೀಲಿಯ ಮೇಲೆಯೇ ಇತ್ತು.

"ನಿಂತೋಯ್ತು ಟೀಚ್ರಮ್ಮ. ಒಂದು ಪೆಟ್ಟಿಗೆ ಎದ್ದೈತೆ. ಅರಿಶಿನದ ಬಣ್ಣದ್ದು ಮುಕ್ಕೋಣದ ಗುರುತು ಐತೆ, ತುಂಬಾ ಅಕ್ಷರ ಅವೆ. ಕೆಳಗೆ ಎರಡು ಗುಂಡಿ."

ಎಚ್ಚರಿಕೆಯ ಗುರುತು. ಯಾವುದಕ್ಕೆ ಎಚ್ಚರಿಕೆ? ಅದು ಕೇಳುತ್ತಿರುವುದೇನು?

"ಗುಂಡಿ ಮೇಲೆ ಏನು ಬರೆದೈತೆ? ಮೊದಲನೇ ಅಕ್ಷರ ಹೆಂಗೈತೆ ಹೇಳು."

ಕೆಂಚಕ್ಕ ಎದ್ದು ಬಂದು ಪರದೆಗೆ ಮುಖ ಹಚ್ಚಿದಳು. ಅವಳ ಉಸಿರು ವಾಣಿಶ್ರೀಯ ಕೆನ್ನೆಗೆ ತಾಗಿತು. "ಒಂದ್ರಾಗೆ ಬಿದಿಗೆ ಚಂದ್ರ ಇದ್ದಂಗೈತೆ. ಇನ್ನೊಂದ್ರಾಗೆ ಹಾವು."

"ಹಾವಾ?"

"ಹೆಡೆ ಎತ್ಕಂಡ್ ಸುತ್ಕಂಡಂಗೆ. ಆ ಹಾವಿನ ಗುಂಡಿ ಸುತ್ತಾ ಚುಕ್ಕಿ ಚುಕ್ಕಿ ಗೆರೆ ಐತೆ."

ಚಂದ್ರ ಎಂದರೆ 'ಸಿ'. ಹಾವು ಎಂದರೆ 'ಎಸ್'. 'ಸಿ' ಅಂದರೆ ಕಂಟಿನ್ಯೂ ಇರಬಹುದು, ಕ್ಯಾನ್ಸಲ್ ಇರಬಹುದು. 'ಎಸ್' ಅಂದರೆ ಸ್ಟಾಪ್, ಇಲ್ಲ ಸೇವ್, ಇಲ್ಲ ಸ್ಟಾರ್ಟ್. ಒಂದು ಗುಂಡಿ ದನಿಯನ್ನು ವಾಪಸ್ ಕೊಡುತ್ತದೆ, ಇನ್ನೊಂದು ಏನು ಮಾಡುತ್ತದೆಯೋ ಗೊತ್ತಿಲ್ಲ. ಯಾವುದೂ ಒತ್ತದೆ ಮುಚ್ಚಿಬಿಟ್ಟರೆ ಅರ್ಧಕ್ಕೇ ಕತ್ತರಿಸಿದ ಹಾಗಾಗುತ್ತದೆ.

"ಯಾವ್ದು ಒತ್ಲಿ ಕೆಂಚಕ್ಕ?" ಎಂದು ಬಾಯಿಬಿಟ್ಟು ಕೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಅಯ್ಯ, ಹಾವು ಯಾರಾನ ಒತ್ತುತಾರಾ?"

ಟ್ಯಾಬ್ ಕೀಲಿ ಒತ್ತಿದಳು. "ಗೆರೆ ಚಂದ್ರಂಗೆ ಬಂತು" ಎಂದಳು ಕೆಂಚಕ್ಕ. ವಾಣಿಶ್ರೀ ಎಂಟರ್ ಒತ್ತಿದಳು.

ಹಸಿರು ಪಟ್ಟಿ ಮತ್ತೆ ತುಂಬಿತು. ಡಿಸ್ಕು ಸದ್ದು ಮಾಡಿತು. ಆಮೇಲೆ ಫ್ಯಾನು ನಿಂತು, ಮತ್ತೆ ಶುರುವಾಯಿತು. ಯಂತ್ರ ತಾನೇ ಆರಿ ಹತ್ತಿದೆ ಎಂದು ತಿಳಿಯಿತು. ಒಳ್ಳೆಯ ಗುರುತು ಎಂದುಕೊಂಡಳು. ಪುಟ್ಟ ಸಂಗೀತಕ್ಕೆ ಕಿವಿ ಕೊಟ್ಟು ಕುಳಿತಳು.

"ದೇವುಡಾ!" ಎಂದು ಕೆಂಚಕ್ಕ ಹಿಂದಕ್ಕೆ ಸರಿದು ಕುರ್ಚಿಗೆ ಡಿಕ್ಕಿ ಹೊಡೆದ ಸದ್ದಾಯಿತು. "ಎಲ್ಲಾ ನೀಲಿ ಆಗೋಯ್ತು ಟೀಚ್ರಮ್ಮ! ಬರೀ ನೀಲಿ. ಬಿಳೀ ಅಕ್ಷರ ತುಂಬ್ಕಂಡೈತೆ. ಗೊಂಬೆ ಒಂದೂ ಇಲ್ಲ."

ಆರಿಸಿ ಹಚ್ಚಿದರೂ ನೀಲಿ. ಬ್ಯಾಟರಿ ತೆಗೆದು ಹಾಕಿದರೂ ನೀಲಿ. ನೀಲಿ ಪರದೆ ಎಂದರೆ ಯಂತ್ರ ಎದ್ದು ನಿಲ್ಲಲಾರದೆ ಕುಸಿಯಿತು ಎಂದರ್ಥ. ನಿನ್ನೆ ಮೂಕವಾಗಿದ್ದ ಯಂತ್ರವನ್ನು ಇವತ್ತು ತಾನೇ ಕೈಯಾರೆ ಕೊಂದೆ ಎಂದು ಅವಳಿಗೆ ಅನ್ನಿಸಿತು. ಇಡೀ ಮಧ್ಯಾಹ್ನ ಅವಳು ಮೇಜಿನ ಮುಂದೆ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದಳು. ಕೆಂಚಕ್ಕ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, "ನಾನ್ಯಾಕಾನ ಹೇಳಿದ್ನೋ" ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಸೋಮವಾರ ರಜೆ ಹಾಕಿ, ಕೆಂಚಕ್ಕನನ್ನು ಕರೆದುಕೊಂಡು ಚಳ್ಳಕೆರೆ ಬಸ್ಸು ಹತ್ತಿದಳು. ಲ್ಯಾಪ್‌ಟಾಪಿನ ಚೀಲವನ್ನು ಮಗುವಿನಂತೆ ಮಡಿಲಲ್ಲಿ ಅವಚಿಕೊಂಡಿದ್ದಳು. ರಸ್ತೆಯ ಗುಂಡಿಯಲ್ಲಿ ಬಸ್ಸು ಹಾರಿದಾಗೆಲ್ಲ ಒಳಗೆ ಇನ್ನೇನು ಮುರಿಯಿತೋ ಎಂದು ಜೀವ ಝಲ್ಲೆನ್ನುತ್ತಿತ್ತು. ಹಾನಗಲ್ ದಾಟಿತು, ಬಿ.ಜಿ. ಕೆರೆ ದಾಟಿತು. ತಳಕಿನಲ್ಲಿ ಬಸ್ಸು ಹತ್ತಿದ ಯಾರೋ ಪಕ್ಕದಲ್ಲೇ ನಿಂತರು. ಮಾತಿಲ್ಲ. ತನ್ನನ್ನೇ ನೋಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಹಳೆಯ ಭಯ, ಮನೆಯ ಮೆಟ್ಟಿಲ ಮೇಲಿನದೇ ಭಯ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಖ ಕಿಟಕಿಯ ಕಡೆ ತಿರುಗಿಸಿದಳು.

ಎಣ್ಣೆ ಮಿಲ್ಲುಗಳ ಹಿಂಡಿಯ ಬಿಸಿ ವಾಸನೆ ಮೂಗಿಗೆ ಬಡಿದಾಗ ಚಳ್ಳಕೆರೆ ಬಂತೆಂದು ತಿಳಿಯಿತು. ಬಸ್ಸಿಳಿದು ಇನ್ನೂ ರಸ್ತೆ ದಾಟಿರಲಿಲ್ಲ, ಒಂದು ಗಂಡುದನಿ ಅಡ್ಡ ಬಂತು.

"ಮುರುಗೇಂದ್ರಪ್ಪಾರ ಮಗಳಲ್ವೇನಮ್ಮಾ? ನಾನು ಪಾಲಣ್ಣ, ಮಂಡಿ ಪಾಲಣ್ಣ. ಯಾವಾಗ್ ಬಂದ್ರಿ? ಅಪ್ಪಾರು ಗಾಡಿ ಕಳಿಸ್ಲಿಲ್ವಾ?"

"ಸಣ್ಣ ಕೆಲಸ ಇತ್ತು ಅಣ್ಣಾರೆ. ಹಂಗೇ ಹೋಗ್ತೀನಿ. ಮನೇಲಿ ಹೇಳ್ಬೇಡಿ" ಎಂದಳು. ಹೇಳಬೇಡಿ ಎಂದದ್ದೇ ತಪ್ಪಾಯಿತೆಂದು ಆ ಕ್ಷಣವೇ ಗೊತ್ತಾಯಿತು. ಹೇಳಬೇಡ ಎಂದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ ಆ ಪೇಟೆಯಲ್ಲಿ ಇನ್ನೂ ಹುಟ್ಟಬೇಕಿತ್ತು.

ಮಾರುತೇಶನ ಅಂಗಡಿ ಮಹಡಿಯ ಮೇಲೆ. ಅವನು ಲ್ಯಾಪ್‌ಟಾಪ್ ತೆರೆದು ನೋಡಿ, "ಮುಟ್ಟಬೇಡಿ ಅಂದಿದ್ನಲ್ಲ ಅಕ್ಕಾರೆ" ಎಂದ. ಕೆಂಚಕ್ಕ ಚಂದ್ರ-ಹಾವಿನ ಕಥೆಯನ್ನು ಒಂದೂ ಬಿಡದೆ ಒಪ್ಪಿಸಿದಳು. ಕೇಳಿ ಅವನು ನಗಲಿಲ್ಲ. "ಈ ಡ್ರೈವರ್ ಪರೀಕ್ಷೆ ಆಗಿಲ್ಲ, ಹಾಕಿದ್ರೆ ಮಷೀನ್ ಕೆಡಬಹುದು, ಹಾಕೋದಾ ಬಿಡೋದಾ ಅಂತ ಕೇಳಿರ್ತೈತೆ. ಹಾವು ಅಂದ್ರೆ ಸ್ಟಾಪು. ಅದನ್ನೇ ಒತ್ತಬೇಕಿತ್ತು."

ಅವನು ಏನೋ ಕೀಲಿಗಳನ್ನು ಒತ್ತಿ, ಯಂತ್ರವನ್ನು ಅರೆ ಎಚ್ಚರದಲ್ಲಿ ಎಬ್ಬಿಸಿ, ಅವಳು ಕೂರಿಸಿದ್ದ ತಪ್ಪು ಡ್ರೈವರನ್ನು ಕಿತ್ತು ಹಾಕಿದ. ನೀಲಿ ಹೋಯಿತು. ವಾಣಿಶ್ರೀಗೆ ಉಸಿರು ಬಂತು. ಆಗ ಅವಳು ಎರಡು ದಿನದಿಂದ ಕೇಳಲು ಹೆದರಿದ್ದ ಮಾತನ್ನು ಕೇಳಿದಳು.

"ಮಾರುತೇಶ್, ನನ್ನ ಫೈಲುಗಳು? ಡೆಸ್ಕ್‌ಟಾಪ್ ಮೇಲಿದ್ವಲ್ಲ, ಅವು ಎಲ್ಲಿಟ್ಟಿದೀಯಪ್ಪ?"

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಬೇಕಾಗಿದ್ದು ಏನಾದ್ರೂ ಐತಾ ಅಂತ ನಿಮ್ ತಮ್ಮನ್ನ ಕೇಳಿದೆ ಅಕ್ಕಾರೆ. ಏನಿಲ್ಲ, ನೀನು ಹಾಕು ಅಂದ್ರು. ಹಳೇದ್ನ ಪೂರ್ತಿ ಅಳಿಸೇ ಹೊಸದು ಹಾಕೋದು. ಡೆಸ್ಕ್‌ಟಾಪ್ ಮೇಲಿದ್ದದ್ದು ಉಳಿಯಲ್ಲ."

ಸುಲಭಕ್ಕೆ ಸಿಗಲಿ ಎಂದು ಅವಳು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆಯೇ ಇಟ್ಟಿದ್ದಳು. ಪಾಠಗಳು, ಪ್ರಶ್ನೆಪತ್ರಿಕೆ, ನೌಕರಿ ಸೇರಿದಂದಿನಿಂದ ಕೂಡಿಸಿದ್ದೆಲ್ಲ. ಕುಳಿತ ಸ್ಟೂಲಿನ ಅಂಚನ್ನು ಹಿಡಿದುಕೊಂಡಳು. ಕೆಂಚಕ್ಕ ಅವಳ ಬೆನ್ನ ಮೇಲೆ ಕೈ ಇಟ್ಟಳು. ಅದೇ ಹೊತ್ತಿಗೆ ಮಹಡಿಯ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಭಾರವಾದ ಚರ್ಮದ ಚಪ್ಪಲಿ, ಮಧ್ಯೆ ಒಮ್ಮೆ ನಿಂತು ಕೆಮ್ಮು. ಸಾವಿರ ಹೆಜ್ಜೆಗಳ ನಡುವೆಯೂ ಅವಳು ಗುರುತಿಸಬಲ್ಲ ಹೆಜ್ಜೆ.

"ಪಾಲಣ್ಣ ಹೇಳಿದ" ಎಂದರು ಮುರುಗೇಂದ್ರಪ್ಪ ಬಾಗಿಲಲ್ಲಿ ನಿಂತು. "ಊರಿಗೆ ಬಂದು ಮನೆಗೆ ಬರ್ದಂಗೆ ಹೋಗೋ ಅಂಥದ್ದೇನಾಗೈತೆ?"

ಸುಳ್ಳು ಹೇಳಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. "ಮಷೀನ್ ಮಾತು ಬಿಟ್ಟೈತೆ ಅಪ್ಪಾಜಿ. ನನ್ನ ಪಾಠ ಎಲ್ಲಾ ಅಳಿಸಿಹೋಗೈತೆ. ನಾಳೆ ಶಾಲೇಲಿ ಪ್ರಶ್ನೆಪತ್ರಿಕೆ ಕೊಡಬೇಕು, ಅದೂ ಇಲ್ಲ." ಹೇಳಿ ಮುಗಿಸಿ, 'ಏಳು, ಗಾಡಿ ಕೆಳಗೈತೆ' ಎಂಬ ಮಾತಿಗೆ ಕಾದಳು.

ಅವರು ಹಾಗೆ ಹೇಳಲಿಲ್ಲ. ಕುರ್ಚಿಯೊಂದು ಎಳೆದ ಸದ್ದಾಯಿತು. ಕೂತರು. "ಮೊದಲು ಮಾತು ಬರಿಸಪ್ಪ ಅದಕ್ಕೆ" ಎಂದರು ಮಾರುತೇಶನಿಗೆ.

ಅದು ಅಷ್ಟು ಸಲೀಸಾಗಿರಲಿಲ್ಲ. ಆ ಮಾದರಿಯ ಲ್ಯಾಪ್‌ಟಾಪಿಗೆ ಎಕ್ಸ್‌ಪಿಯ ಸೌಂಡ್ ಡ್ರೈವರನ್ನು ಕಂಪನಿಯವರು ಬಿಟ್ಟೇ ಇರಲಿಲ್ಲ. ಅದರ ಅಣ್ಣತಮ್ಮಂದಿರಂಥ ಬೇರೆ ಮಾದರಿಗಳದ್ದನ್ನು ಹುಡುಕಿ ಹಾಕಿ ನೋಡಬೇಕಿತ್ತು. ಇಂಟರ್ನೆಟ್ ಆಮೆಯಂತಿತ್ತು. ಒಂದು ಇಳಿಯುವಷ್ಟರಲ್ಲಿ ಕರೆಂಟು ಹೋಗಿ ಬಂತು, ಮತ್ತೆ ಮೊದಲಿನಿಂದ. ಹಾಕಿದ, ಆರಿಸಿ ಹಚ್ಚಿದ, ಸದ್ದಿಲ್ಲ. ಇನ್ನೊಂದು ಹಾಕಿದ, ಸದ್ದಿಲ್ಲ. ಪ್ರತಿ ಸಲವೂ ಫ್ಯಾನು ಶುರುವಾಗುವಾಗ ವಾಣಿಶ್ರೀ, ಮತ್ತೆ ನೀಲಿ ಬಂತೇ ಎಂದು ಕೆಂಚಕ್ಕನ ಕೈ ಒತ್ತುತ್ತಿದ್ದಳು. "ಇಲ್ಲ, ಗೊಂಬೆ ಅವೆ" ಎಂದು ಕೆಂಚಕ್ಕ ಪಿಸುಗುಟ್ಟುತ್ತಿದ್ದಳು.

ಮಾರುತೇಶ್ ಬೇರೆ ಊರಿನ ಗೆಳೆಯನಿಗೆ ಫೋನ್ ಹಚ್ಚಿದ. ಮಾತಾಡಿ ಇಟ್ಟವನೇ ಹಣೆ ಹೊಡೆದುಕೊಂಡ. "ಮೊದಲು ಬಸ್ ಡ್ರೈವರ್ ಹಾಕಬೇಕಂತೆ. ಅದು ಕೂತ ಮೇಲೇನೇ ಸೌಂಡ್ ಡ್ರೈವರ್ ಕೂರೋದು."

"ಬಸ್ ಡ್ರೈವರ್ರಾ?" ಎಂದರು ಮುರುಗೇಂದ್ರಪ್ಪ.

"ಇದರೊಳಗಿನ ದಾರಿಗೂ ಬಸ್ ಅಂತಾರೆ ಯಜಮಾನ್ರೆ. ಸೌಂಡು ಆ ದಾರೀಲಿ ಹೋಗಬೇಕು. ದಾರೀನೇ ಗೊತ್ತಿಲ್ದಿದ್ರೆ ಯಾವ ಡ್ರೈವರ್ ಹಾಕಿ ಏನ್ ಬಂತು?"

ಅದನ್ನು ಹುಡುಕಿ ಹಾಕಿದ. ಮೇಲೆ ಸೌಂಡಿನದು. ಆರಿಸಿ ಹಚ್ಚಿದ. ಫ್ಯಾನು ಗುಂಯ್‌ಗುಟ್ಟಿತು, ಡಿಸ್ಕು ಕಿರುಗುಟ್ಟಿತು. ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಹಾರನ್ ಹೊಡೆಯುತ್ತಿದ್ದ. ಅದರ ನಡುವೆ, ತೀರಾ ಸಣ್ಣಗೆ, ಶುರುವಾಗುವ ಸಂಗೀತ ಕೇಳಿಸಿತು.

ವಾಣಿಶ್ರೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪಾಜಿಯ ಮುಂದೆ ಅಳಬಾರದೆಂದು ಬಿಗಿಹಿಡಿದಿದ್ದೆಲ್ಲ ಕಿತ್ತುಕೊಂಡು ಬಂತು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಓದುವ ಪ್ರೋಗ್ರಾಮಿನ ಸಿಡಿಯನ್ನು ಚೀಲದಿಂದ ತೆಗೆದು ತಾನೇ ಹಾಕಿದಳು. ಆ ಪರದೇಶದ ದನಿ ಮೂಗಿನಲ್ಲಿ ಮಾತು ಶುರುಮಾಡಿತು. ಪರೀಕ್ಷೆಗೆಂದು ಅವಳು ತನ್ನ ಹೆಸರು, ಊರು ಟೈಪ್ ಮಾಡಿ ಓದಿಸಿದಳು.

ಮುರುಗೇಂದ್ರಪ್ಪ ಗಮನ ಕೊಟ್ಟು ಕೇಳಿದರು. "ಇವನೇನಾ ನಿಂಗೆ ದಿನಾ ಓದಿ ಹೇಳೋನು? ಚಳ್ಳಕೆರೆ ಅನ್ನಾಕೂ ಬರಲ್ವಲ್ಲ ಇವನಿಗೆ."

"ಬರಲ್ಲ ಅಪ್ಪಾಜಿ. ನಂಗೆ ಅರ್ಥ ಆಗ್ತೈತೆ."

"ಇವನ ಕೈಲಿ ಪಾಠ ಕೇಳ್ಕೊಂಡು ನೀನು ಹುಡುಗರಿಗೆ ಹೇಳ್ತೀಯಾ!" ಎದ್ದು ನಿಂತು, "ಊಟ ಮಾಡ್ಕೊಂಡು ಹೋಗು ಬಾ. ಸಂಜೆ ಗಾಡೀಲಿ ಬಿಟ್ ಬರ್ತೀನಿ. ಮೊಳಕಾಲ್ಮೂರಿಗೆ" ಎಂದರು. ಕೊನೆಯ ಮಾತನ್ನು ಬಿಡಿಸಿ ಹೇಳಿದ್ದು ಅವಳ ಮುಖದ ಮೇಲಿನ ಹೆದರಿಕೆಯನ್ನು ಕಂಡೇ ಇರಬೇಕು.

ಮಂಗಳವಾರ ಬೆಳಿಗ್ಗೆ ಅವಳು ಪ್ರಶ್ನೆಪತ್ರಿಕೆ ಇಲ್ಲದೆಯೇ ಹೆಡ್ಮಾಸ್ಟರ ಕೋಣೆಗೆ ಹೋದಳು. ನಡೆದದ್ದನ್ನು ಮುಚ್ಚಿಡದೆ ಹೇಳಿ, "ನೀವು ಬರ್ಕೊಂಡ್ರೆ ನಾನು ಹೇಳ್ತೀನಿ ಸರ್" ಎಂದಳು. ಓಂಕಾರಮೂರ್ತಿ ಗೊಣಗುತ್ತಾ ಪೆನ್ನು ತೆರೆದರು. ಅವಳು ನೆನಪಿನಿಂದ ಒಂದೊಂದೇ ಪ್ರಶ್ನೆ ಹೇಳುತ್ತಾ ಹೋದಳು. ನಡುವೆ ಒಂದೇ ಪ್ರಶ್ನೆ ಎರಡು ಸಲ ಬಂತು. "ಇದು ಆಗಲೇ ಹೇಳಿದ್ರಿ ಟೀಚರ್" ಎಂದು ಅವರು ತಡೆದರು. ಭೂಪಟದ ಪ್ರಶ್ನೆ ಮರೆತೇ ಹೋಗಿತ್ತು, ಅದನ್ನು ಅವರೇ ಸೇರಿಸಿದರು. ಮುಗಿಸುವಷ್ಟರಲ್ಲಿ ಎರಡನೇ ಗಂಟೆ ಹೊಡೆದಿತ್ತು. ಅವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಇನ್ನೊಂದು ಪ್ರತಿ ಎಲ್ಲಾದರೂ ಇಟ್ಕೊಳ್ರೀ ಇನ್ಮೇಲೆ" ಎಂದರು.

ಕಳೆದುಹೋದ ಪಾಠಗಳನ್ನು ಮತ್ತೆ ಟೈಪ್ ಮಾಡಲು ಆ ವರ್ಷವೆಲ್ಲ ಹಿಡಿಯಿತು. ಎಷ್ಟೋ ಸಂಗತಿ ನೆನಪಿಗೆ ಬರಲೇ ಇಲ್ಲ. ಅಂಥ ಕಡೆ ಮಕ್ಕಳಿಗೇ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸಿ, ಕೇಳಿಸಿಕೊಂಡು, ಅಲ್ಲೇ ವಿವರಿಸುವುದನ್ನು ರೂಢಿ ಮಾಡಿಕೊಂಡಳು. ತರಗತಿಯಲ್ಲಿ ಗದ್ದಲ ಹೆಚ್ಚಾಯಿತು, ಪಾಠವೂ ಹೇಗೋ ಸಾಗಿತು. ಮುಂದಿನ ಬೇಸಿಗೆಗೆ ಅವಳ ಕೆಲಸ ಕಾಯಂ ಆದ ಆದೇಶ ಬಂತು.

ಮಾರುತೇಶ್ ಆ ಡ್ರೈವರುಗಳನ್ನೆಲ್ಲ ಒಂದು ಸಿಡಿಗೆ ಬರೆದುಕೊಟ್ಟಿದ್ದ. ಯಾವುದರ ನಂತರ ಯಾವುದು ಹಾಕಬೇಕು, ಯಾವ ಪೆಟ್ಟಿಗೆ ಎದ್ದರೆ ಯಾವ ಕೀಲಿ ಒತ್ತಬೇಕು ಎಂಬುದನ್ನು ಅವಳು ಅವನ ಪಕ್ಕ ಕೂತು ತನ್ನ ಬೆರಳಿಗೆ ಕಲಿಸಿದಳು. ಆಮೇಲೆ ಚಿತ್ರದುರ್ಗದ, ಬಳ್ಳಾರಿಯ ಕಡೆಯ ಅವಳಂಥವರೇ ಕೆಲವರು, ಮಷೀನು ಮಾತು ಬಿಟ್ಟಾಗ, ಅವಳಿಗೆ ಫೋನ್ ಮಾಡುವುದು ಶುರುವಾಯಿತು. ಅವರ ದನಿಯಲ್ಲಿನ ಗಾಬರಿ ಅವಳಿಗೆ ಮೊದಲ ಮಾತಿಗೇ ತಿಳಿಯುತ್ತಿತ್ತು. "ಮೊದಲು ಕೈ ಕೀಲಿ ಮೇಲಿಂದ ತೆಗೀರಿ. ಮನೇಲಿ ಯಾರಾದ್ರೂ 'ಸ್ಟಾಪ್' ಅಂತ ಓದಾಕೆ ಬರೋರು ಇದ್ರೆ ಕರೀರಿ. ಇಲ್ಲಾಂದ್ರೆ ಹೊರಗೆ ಹೋಗಿ ಒಂದು ಕಾಫಿ ಕುಡೀರಿ. ಹೆದರಿದಾಗ ಮಾತ್ರ ಏನೂ ಒತ್ತಬೇಡಿ" ಎನ್ನುತ್ತಿದ್ದಳು.

ಕೆಂಚಕ್ಕ ಮಾತ್ರ ಆಮೇಲೆಂದೂ ಆ ಮೇಜಿನ ಹತ್ತಿರ ಸುಳಿಯಲಿಲ್ಲ. ಧೂಳು ಒರೆಸುವಾಗಲೂ ಅದಷ್ಟನ್ನು ಬಿಟ್ಟು, "ಅದೊಂದು ನೀವೇ ಒರೆಸ್ಕಳ್ರಿ ಟೀಚ್ರಮ್ಮ" ಎಂದು ದೂರದಿಂದಲೇ ಬಟ್ಟೆ ಕೈಗೆ ಕೊಡುತ್ತಿದ್ದಳು.